ದ್ಯಾವಮ್ಮನ ಬಲಗಾಲು

ಹೋದ ಪುಷ್ಯಮಾಸದಲ್ಲಿ ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ಬಸ್ಸಿನಲ್ಲಿದ್ದೆ. ಬಣಕಲ್ ದಾಟುತ್ತಿದ್ದಂತೆ ಕಿಟಕಿಯಿಂದ ಪಲ್ಪರ್ ಮನೆಯ ವಾಸನೆ ನುಗ್ಗಿತು. ಕಾಫಿ ಹಣ್ಣಿನ ಸಿಪ್ಪೆ ಸುಲಿದು, ಬೀಜ ತೊಳೆದ ನೀರನ್ನು ಹಳ್ಳಕ್ಕೆ ಬಿಟ್ಟಾಗ ಏಳುವ ಹುಳಿ ವಾಸನೆ. ಪಕ್ಕದಲ್ಲಿ ಕುಳಿತಿದ್ದ ಹುಡುಗಿ ಮೂಗಿಗೆ ಸೆರಗು ಹಿಡಿದುಕೊಂಡು ಕಿಟಕಿ ಮುಚ್ಚಲು ಬಂದಳು. "ಇರಲಿ ಬಿಡು, ಮುಚ್ಚಬೇಡ" ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ನೋಡಲಿ. ಆ ವಾಸನೆಯಲ್ಲೇ ಉಂಡು, ಮಲಗಿ, ಜಗಳವಾಡಿ ನಾನು ಒಂದು ಸುಗ್ಗಿ ಕಳೆದಿದ್ದೇನೆ. ನನ್ನ ನೌಕರಿಯಲ್ಲಿ ಯಾರ ಮಾತಿಗೂ ಸೊಪ್ಪು ಹಾಕದೆ ನಡೆದುಕೊಂಡ ವರ್ಷ ಅದು. ಅದಕ್ಕೆ ಇವತ್ತಿಗೂ ನನಗೆ ಗುಲಗಂಜಿಯಷ್ಟೂ ಪಶ್ಚಾತ್ತಾಪವಿಲ್ಲ.

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ. ಗಂಡು ಡಾಕ್ಟರುಗಳು ಸೇನೆಗೆ ಸೇರಿಕೊಂಡು ಮಲೆನಾಡಿನ ಆಸ್ಪತ್ರೆಗಳು ಖಾಲಿ ಬಿದ್ದಿದ್ದವು. ಹಾಗಾಗಿ ನನ್ನನ್ನು ಅಲ್ಲಿಗೆ ಹಾಕಿದರೇ ಹೊರತು ನನ್ನ ಮೇಲಿನ ಪ್ರೀತಿಗಲ್ಲ. ಊರಿನ ಹೆಸರು ಬೇಡ. ಬಣಕಲ್ಲಿಗೂ ಕಳಸಕ್ಕೂ ನಡುವೆ ಎಲ್ಲೋ ಒಂದು ಕಡೆ ಎಂದುಕೊಳ್ಳಿ. ಹೆಂಚಿನ ಮಾಡಿನ ಒಂದು ಡಿಸ್ಪೆನ್ಸರಿ, ಅದಕ್ಕೆ ಎರಡು ಕೋಣೆ, ಒಂದು ಜಗಲಿ, ನಾಲ್ಕು ಮಂಚ. ಕಂಪೌಂಡರ್ ಶೇಷಪ್ಪನವರು ನನಗಿಂತ ಬಹಳ ಹಿರಿಯರು. ಯಾವ ಜ್ವರ ಬಂದರೂ ಕ್ವಿನೈನು, ಯಾವ ಹೊಟ್ಟೆನೋವು ಬಂದರೂ ಹರಳೆಣ್ಣೆ ಎಂದು ಅವರು ಸೀಸೆಗಳನ್ನು ಕೈಗೆಟಕುವಂತೆ ಇಟ್ಟುಕೊಂಡಿದ್ದರು. ದಾದಿ ಗ್ರೇಸಿ ಮಂಗಳೂರಿನ ಕಡೆಯವಳು. ಮಾತು ಕಡಿಮೆ, ಕೈ ಚುರುಕು. ನನಗೆ ಆಗ ಮೂವತ್ತು ತುಂಬಿರಲಿಲ್ಲ, ಮದುವೆ ಆಗಿರಲಿಲ್ಲ. ಊರಿನವರಿಗೆ ಔಷಧಿಗಿಂತ ಆ ಎರಡನೆಯ ವಿಷಯವೇ ಹೆಚ್ಚಿನ ಕುತೂಹಲ.

ನಾನು ಬಂದ ವಾರವೇ ದೊಡ್ಡ ತೋಟದ ಗೌಡರು ನೋಡಲು ಬಂದರು. ಡಿಸ್ಪೆನ್ಸರಿಯ ಕಟ್ಟಡ ಅವರ ತಂದೆ ಕಟ್ಟಿಸಿಕೊಟ್ಟದ್ದು. ಆದ್ದರಿಂದ ಅದು ಸರ್ಕಾರದ್ದೆನ್ನುವುದು ಅವರಿಗೆ ಆಗಾಗ ಮರೆತುಹೋಗುತ್ತಿತ್ತು.

"ಲೇಡಿ ಡಾಕ್ಟ್ರು ಬಂದಿದ್ದು ಒಳ್ಳೇದೇ ಆಯ್ತು" ಎಂದರು. "ಹೆರಿಗೆ, ಬಾಣಂತನ ನೋಡ್ಕೊಂಡು ಆರಾಮಾಗಿರಿ ಅಮ್ಮ. ಮಿಕ್ಕಿದ್ದಕ್ಕೆಲ್ಲ ಚಿಕ್ಕಮಗಳೂರಿದೆ."

ಚಿಕ್ಕಮಗಳೂರು ಇದ್ದದ್ದು ನಿಜ. ಅಲ್ಲಿಗೆ ಹೋಗುವುದು ಹೇಗೆ ಎಂದು ಅವರು ಹೇಳಲಿಲ್ಲ. ಪೆಟ್ರೋಲು ಸಿಗದೆ ಬಸ್ಸುಗಳೆಲ್ಲ ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದವು. ಓಡುತ್ತಿದ್ದವು ಎಂದರೆ ಇಳಿಜಾರಿನಲ್ಲಿ. ಏರು ಬಂದಾಗ ಜನ ಇಳಿದು ತಳ್ಳಬೇಕು. ದಿನಕ್ಕೆ ಒಂದೇ ಬಸ್ಸು, ಅದೂ ನಿತ್ಯ ಬಂದೀತೆಂಬ ಭರವಸೆಯಿಲ್ಲ. ಬಿಟ್ಟರೆ ಎತ್ತಿನ ಗಾಡಿ. ಗಾಡಿಯಲ್ಲಿ ಆ ಘಾಟಿಯ ರಸ್ತೆಯನ್ನು ಹತ್ತಿಳಿದರೆ ಗಟ್ಟಿಮುಟ್ಟಾದವರೇ ಕಾಯಿಲೆ ಬೀಳುತ್ತಿದ್ದರು.

ಆದರೆ ಆ ಸೀಮೆಯಲ್ಲಿ ನನ್ನ ನಿಜವಾದ ಎದುರಾಳಿ ಗೌಡರಲ್ಲ, ದ್ಯಾವಮ್ಮ. ಗೌಡರ ತೋಟದ ಮೇಸ್ತ್ರಿ ರಂಗಪ್ಪನ ತಾಯಿ. ಐವತ್ತು ದಾಟಿದ ಗಟ್ಟಿ ಹೆಂಗಸು. ಹಣೆಯ ಮೇಲೆ ಹಚ್ಚೆ, ಬಾಯಿ ತುಂಬ ಎಲೆಯಡಿಕೆ. ಬಟ್ಟಿ ತಿಕ್ಕುವುದರಲ್ಲಿ ಅವಳನ್ನು ಬಿಟ್ಟರಿಲ್ಲ ಎಂದು ಬಾಬಾಬುಡನ್‌ಗಿರಿಯ ಬುಡದ ತನಕ ಹೆಸರು. ಹೊಕ್ಕುಳಿನ ಒಳಗೆ ಬಟ್ಟಿ ಎಂಬುದೊಂದು ಇದೆ, ಭಾರ ಎತ್ತಿದರೆ ಅದು ಜಾಗ ಬಿಟ್ಟು ಜಾರುತ್ತದೆ, ಆಗ ಹೊಟ್ಟೆ ನೋಯುತ್ತದೆ ಎಂಬುದು ಅಲ್ಲಿಯವರ ನಂಬಿಕೆ. ಕಾಫಿ ಕುಯ್ಲಿನ ಕಾಲದಲ್ಲಂತೂ ಕೇಳುವುದೇ ಬೇಡ. ಹೆಂಗಸರು ಗಂಡಸರು ಎನ್ನದೆ ಸೊಂಟಕ್ಕೆ ಬಿಗಿಯಾಗಿ ಚೀಲ ಕಟ್ಟಿಕೊಂಡು, ತುಂಬಿದ ಮೂಟೆ ಹೊತ್ತು ಕಣಕ್ಕೆ ತರುವವರು. ಸಂಜೆಯಾದರೆ ದ್ಯಾವಮ್ಮನ ಅಂಗಳದಲ್ಲಿ ಸಾಲು.

ಅವಳ ಪರೀಕ್ಷೆ ಹೀಗೆ. ನೋವಿನವರನ್ನು ಅಂಗಾತ ಮಲಗಿಸಿ, ದಾರದ ಒಂದು ತುದಿಯನ್ನು ಹೊಕ್ಕುಳಿಗೆ ಹಿಡಿದು, ಇನ್ನೊಂದು ತುದಿಯನ್ನು ಬಲಗಾಲಿನ ಹೆಬ್ಬೆರಳಿಗೆ ಎಳೆಯುವುದು. ಆಮೇಲೆ ಎಡಗಾಲಿಗೆ. ಎರಡೂ ಸಮ ಇದ್ದರೆ ಅಜೀರ್ಣ. ಒಂದು ಕಡೆ ಗಿಡ್ಡವಾಯಿತೋ, ಬಟ್ಟಿ ಆ ಕಡೆಗೆ ಜಾರಿದೆ. ಆಗ ಹರಳೆಣ್ಣೆ ಹಚ್ಚಿ, ಹೆಬ್ಬೆರಳು ಊರಿ ತಿಕ್ಕುವುದು, ಹೊಟ್ಟೆಯ ಮೇಲೆ ಉರಿಯುವ ಬತ್ತಿ ಇಟ್ಟು ಚೊಂಬು ಕವುಚುವುದು. ಚೊಂಬು ಚರ್ಮವನ್ನು ಕಚ್ಚಿ ಹಿಡಿದುಕೊಂಡಾಗ ಸುತ್ತ ಕುಳಿತವರೆಲ್ಲ "ಹಿಡೀತು, ಹಿಡೀತು" ಎನ್ನುತ್ತಿದ್ದರು. ನೂರಕ್ಕೆ ತೊಂಬತ್ತು ಜನಕ್ಕೆ ವಾಸಿಯೂ ಆಗುತ್ತಿತ್ತು. ಹಸಿವು, ಗಾಳಿ, ದಣಿವು, ಇವಕ್ಕೆಲ್ಲ ಬೆಚ್ಚಗಿನ ಎಣ್ಣೆ ಹಚ್ಚಿ ಒಬ್ಬರು ಕೈಯಾಡಿಸಿದರೆ ಯಾರಿಗೆ ತಾನೇ ಹಾಯೆನಿಸುವುದಿಲ್ಲ? ಅಷ್ಟರ ಮಟ್ಟಿಗೆ ನನಗೆ ಅವಳ ಮೇಲೆ ತಕರಾರಿರಲಿಲ್ಲ.

ತಕರಾರು ಬಂದದ್ದು ಮಂಜನಿಂದ. ಗೌಡರ ತೋಟದ ಆಳುಗಳಿರುವ ಲೈನು ಮನೆಯ ಹುಡುಗ, ಹೊಸದಾಗಿ ಮದುವೆಯಾದವನು. ಕುಯ್ಲು ಶುರುವಾದ ಹೊಸತು. ಹೊಕ್ಕುಳಿನ ಸುತ್ತ ನೋವೆಂದು ದ್ಯಾವಮ್ಮನ ಹತ್ತಿರ ಹೋದ. ದಾರ ಬಲಕ್ಕೆ ಗಿಡ್ಡ ಬಂತು. ತಿಕ್ಕಿದಳು. ಮಾರನೆಯ ದಿನ ನೋವು ಕೆಳಗಿಳಿದು ಬಲಗಡೆಗೆ ಹೋಯಿತು. ಬಟ್ಟಿ ಇಳಿಯುತ್ತಿದೆ ಎಂದು ಇನ್ನೂ ಜೋರಾಗಿ ತಿಕ್ಕಿದಳು. ತೋಟದ ಲೆಕ್ಕ ಬರೆಯುವ ರೈಟರು ತಮ್ಮ ಪಾಲಿಗೆ ಒಂದು ಲೋಟ ಹರಳೆಣ್ಣೆ ಕುಡಿಸಿದರು. ಇದ್ದಕ್ಕಿದ್ದಂತೆ ನೋವು ನಿಂತುಹೋಯಿತಂತೆ. ಹುಡುಗ ಎದ್ದು ಕುಳಿತು ಗಂಜಿ ಕುಡಿದ. ದ್ಯಾವಮ್ಮನ ಕೈಗುಣವನ್ನು ಲೈನಿನವರೆಲ್ಲ ಹೊಗಳಿದರು.

ಅದು ವಾಸಿಯಾದದ್ದಲ್ಲ, ಒಳಗೆ ಊದಿದ್ದ ಅಪೆಂಡಿಕ್ಸು ಒಡೆದದ್ದು. ಒಡೆದಾಗ ಬಿಗಿತ ಸಡಿಲಿ ಸ್ವಲ್ಪ ಹೊತ್ತು ಹಾಯೆನಿಸುತ್ತದೆ, ಆಮೇಲೆ ಕೀವು ಹೊಟ್ಟೆಯೆಲ್ಲ ಹರಡುತ್ತದೆ. ಕಂಬಳಿಯಲ್ಲಿ ಹೊತ್ತು ಅವನನ್ನು ನನ್ನ ಜಗಲಿಗೆ ತಂದಾಗ ಹೊಟ್ಟೆ ಹಲಗೆಯಾಗಿತ್ತು, ಕಣ್ಣು ಗುಳಿ ಬಿದ್ದಿತ್ತು. ಬಲಮಂಡಿಯನ್ನು ಎದೆಯ ಕಡೆಗೆ ಎಳೆದುಕೊಂಡೇ ಮಲಗಿದ್ದ. ನಾನು ಮಾಡಬಹುದಾದದ್ದು ಏನೂ ಉಳಿದಿರಲಿಲ್ಲ. ಸಂಜೆಯೊಳಗೆ ಹೋದ. ಅವನ ಹೆಂಡತಿ ಅಳಲೂ ಇಲ್ಲ, ಗೋಡೆಗೆ ಒರಗಿ ಕುಳಿತಳು. ಊರಿನಲ್ಲಿ ಹಬ್ಬಿದ ಮಾತು: "ದ್ಯಾವಮ್ಮ ವಾಸಿ ಮಾಡಿದ್ಲು. ಆಸ್ಪತ್ರೆಗೆ ಹೋದ, ಸತ್ತ."

ನನಗೆ ಮೈಯೆಲ್ಲ ಉರಿದುಹೋಯಿತು. ಸಂತೆಯ ದಿನ, ಬೆಲ್ಲದ ಅಂಗಡಿಯ ಮುಂದೆ ದ್ಯಾವಮ್ಮ ಸಿಕ್ಕಳು. ಜನರ ಎದುರಿಗೇ ಹೇಳಿದೆ:

"ದ್ಯಾವಮ್ಮ, ಇನ್ನು ಮೇಲೆ ಹೊಟ್ಟೆನೋವಿಗೆ ಜ್ವರ ಸೇರಿದರೆ ತಿಕ್ಕಬೇಡಿ. ನನ್ನ ಹತ್ತಿರ ಕಳಿಸಿ. ಆ ಹುಡುಗ ಉಳೀತಿದ್ದ."

ಅವಳು ಎಲೆಯಡಿಕೆ ಉಗಿದು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ಆ ಊರಿನಲ್ಲಿ ಅವಳು ಬಹುವಚನದಲ್ಲಿ ಮಾತಾಡುತ್ತಿದ್ದದ್ದು ಗೌಡರ ಜೊತೆ ಮಾತ್ರ. ಮಿಕ್ಕವರ ಹೊಟ್ಟೆಯನ್ನೆಲ್ಲ ಅವಳು ತಿಕ್ಕಿದ್ದಳಲ್ಲ.

"ನಿನ್ ಮನೇಗ್ ಬಂದು ಸತ್ತೋನಿಗೆ ನಾನ್ ಹೆಂಗೆ ಜವಾಬ್ದಾರಿ ಮಾರಾಯ್ತಿ? ನೀ ಇನ್ನೂ ಹುಡ್ಗಿ. ಒಂದ್ ಮಗೂನೂ ಹೆತ್ತಿಲ್ಲ. ಹೊಟ್ಟೆ ವಿಚಾರ ನಂಗೆ ಹೇಳಾಕ್ ಬರ್ತೀಯಾ?"

ಸಂತೆಯೆಲ್ಲ ನಕ್ಕಿತು. ನಾನು ಬೆಲ್ಲ ಕೊಳ್ಳದೆ ವಾಪಸು ಬಂದೆ. ನಾಚಿಕೆಯಿಂದ ಬಂದೆ ಎಂದು ಅವರೆಲ್ಲ ಅಂದುಕೊಂಡರು. ನಾಚಿಕೆಯಲ್ಲ, ಸಿಟ್ಟು. ಅವತ್ತೇ ಗ್ರೇಸಿಯನ್ನು ಕೂರಿಸಿಕೊಂಡು ಆಪರೇಷನ್ನಿನ ಸಾಮಾನುಗಳನ್ನೆಲ್ಲ ಹೊರತೆಗೆದೆ. ಹಿಂದಿದ್ದ ಡಾಕ್ಟರು ಮುಟ್ಟದೆ ಇಟ್ಟುಹೋಗಿದ್ದವು. ತುಕ್ಕು ಹಿಡಿದವನ್ನು ತಿಕ್ಕಿ ತೊಳೆದೆವು, ಕತ್ತಿಗಳಿಗೆ ಸಾಣೆ ಹಿಡಿಸಿದೆವು, ಹಳೆಯ ಪಂಚೆಗಳನ್ನು ಹರಿದು ಚೌಕ ಮಾಡಿ ಹೊಲಿದು ಕುದಿಸಿ ಕಟ್ಟಿಟ್ಟೆವು. ಶೇಷಪ್ಪನವರು ಬಾಗಿಲಲ್ಲಿ ನಿಂತು ನೋಡಿ, "ಅಮ್ಮ, ಯಾರ ಹೊಟ್ಟೆಗೆ ಇದೆಲ್ಲ?" ಎಂದು ಕೇಳಿದರು. "ಮುಂದೆ ಬರೋರ ಹೊಟ್ಟೆಗೆ" ಎಂದೆ. ಬೆಂಗಳೂರಿನ ಆಸ್ಪತ್ರೆಯಲ್ಲಿ ಕಲಿಯುವಾಗ ಅಪೆಂಡಿಕ್ಸಿನ ಆಪರೇಷನ್ನಿಗೆ ಎಷ್ಟೋ ಸಲ ಕೈಜೋಡಿಸಿದ್ದೆ. ಕೊನೆಕೊನೆಗೆ ದೊಡ್ಡ ಸರ್ಜನರು ಪಕ್ಕದಲ್ಲಿ ನಿಂತು ನನ್ನ ಕೈಯಿಂದಲೇ ಮಾಡಿಸಿದ್ದರು. ಪಕ್ಕದಲ್ಲಿ ಯಾರೂ ಇಲ್ಲದೆ ಮಾಡಿರಲಿಲ್ಲ.

ಮುಂದೆ ಬರುವ ಹೊಟ್ಟೆ ದ್ಯಾವಮ್ಮನದೇ ಆದೀತೆಂದು ನಾನೂ ಎಣಿಸಿರಲಿಲ್ಲ.

ಅರೇಬಿಕಾ ಕುಯ್ಲು ಬಿರುಸಾಗಿ ನಡೆದಿದ್ದ ಹೊತ್ತು. ಬೆಳಗಿನ ಮಂಜು ಕರಗಿ ಬಿಸಿಲು ಬೀಳುವಾಗ ರಂಗಪ್ಪ ಮೇಸ್ತ್ರಿ ಡಿಸ್ಪೆನ್ಸರಿಯ ಹಿಂಬಾಗಿಲಿಗೆ ಬಂದು ನಿಂತ. ಮುಂಬಾಗಿಲಿಗೆ ಬಂದರೆ ಯಾರಾದರೂ ನೋಡಿಬಿಟ್ಟಾರು ಎಂಬ ಅಂಜಿಕೆ.

"ಅವ್ವಂಗೆ ನಿನ್ನೆಯಿಂದ ಹೊಟ್ಟೆನೋವು ಡಾಕ್ಟ್ರಮ್ಮ. ವಾಂತಿ ಆತು. ಡಾಕ್ಟ್ರಮ್ಮನ್ನ ಕರೀಬೇಡ, ಕರುದ್ರೆ ನೀ ನನ್ ಮಗನೇ ಅಲ್ಲ ಅಂದಾಳೆ. ನೀವೇ ಸುಮ್ನೆ ಆ ಕಡೆ ಬಂದಂಗೆ ಬನ್ನಿ."

ಸುಮ್ಮನೆ ಬಂದಂತೆ ಹೋಗಲು ನನಗೆ ಗೊತ್ತಿಲ್ಲ. ಚೀಲ ಹಿಡಿದು ತೋಟದ ನಡುವಿನ ದಾರಿಯಲ್ಲೇ ಹೋದೆ. ಕುಯ್ಯುತ್ತಿದ್ದ ಹೆಂಗಸರು ರೆಂಬೆ ಬಿಟ್ಟು ತಿರುಗಿ ನೋಡಿದರು. ಮನೆಯೊಳಗೆ ದ್ಯಾವಮ್ಮ ಚಾಪೆಯ ಮೇಲೆ ಮಲಗಿದ್ದಳು. ಸೊಸೆ ಲಕ್ಷ್ಮಿ ಎಣ್ಣೆಯ ಬಟ್ಟಲು ಹಿಡಿದು ತಿಕ್ಕಲು ಕುಳಿತಿದ್ದಳು. ಅತ್ತೆ ವಿದ್ಯೆ ಕಲಿಸಿದ್ದು ಅವಳಿಗೇ.

"ಯಾರ್ ಕರ್ದಿದ್ದು ಇವಳ್ನ?" ಎಂದು ದ್ಯಾವಮ್ಮ ಮಗನ ಕಡೆ ಕಣ್ಣುಬಿಟ್ಟಳು.

"ಯಾರೂ ಕರೀಲಿಲ್ಲ. ಜಗಳ ಅರ್ಧಕ್ಕೇ ನಿಂತಿತ್ತಲ್ಲ, ಮುಗಿಸೋಣ ಅಂತ ಬಂದೆ" ಎಂದು ಪಕ್ಕದಲ್ಲಿ ಕುಳಿತೆ. ನೋವಿನಲ್ಲೂ ಅವಳ ತುಟಿಯ ತುದಿ ಸ್ವಲ್ಪ ಆಡಿತು.

ಕೇಳುತ್ತಾ ಹೋದೆ. ನೋವು ಎಲ್ಲಿ ಶುರುವಾಯಿತು? ಹೊಕ್ಕುಳಲ್ಲಿ. ಈಗ ಎಲ್ಲಿದೆ? ಕೈ ಬಲಗಡೆಯ ಕಿಬ್ಬೊಟ್ಟೆಗೆ ಹೋಯಿತು. ಊಟ? ಬೇಡವೇ ಬೇಡ. ನಾಲಗೆ ಬೆಳ್ಳಗೆ, ನಾಡಿ ಚುರುಕು, ಮೈ ಸ್ವಲ್ಪ ಬಿಸಿ. ಕೆಮ್ಮಿ ಎಂದೆ. ಅರ್ಧ ಕೆಮ್ಮಿ ನಿಲ್ಲಿಸಿದಳು. ಎಡಗಡೆ ಮೆಲ್ಲಗೆ ಒತ್ತಿದೆ, ನೋವು ಬಲಗಡೆ ಎಂದಳು. ಬಲಗಡೆ ಮೆಲ್ಲಗೆ ಒತ್ತಿ ತಟ್ಟನೆ ಕೈ ತೆಗೆದೆ. ಒತ್ತಿದಾಗ ಸಹಿಸಿದವಳು ಬಿಟ್ಟಾಗ ನನ್ನ ಕೈಯನ್ನು ಹೊಡೆದು ಸರಿಸಿದಳು. ಇನ್ನು ಅನುಮಾನ ಉಳಿಯಲಿಲ್ಲ. ಇನ್ನೂ ಒಡೆದಿಲ್ಲ ಎಂಬುದೊಂದೇ ಸಮಾಧಾನ.

"ಬಟ್ಟಿ ಅಲ್ಲ ದ್ಯಾವಮ್ಮ. ಕರುಳಿನ ಬಾಲ ಊದಿಕೊಂಡಿದೆ. ಕುಯ್ದು ತೆಗೆಯಬೇಕು."

"ಬಟ್ಟೀನೇ. ದಾರ ಹಿಡ್ದು ತೋರ್ಸೆ ಲಕ್ಷ್ಮಿ ಇವಳಿಗೆ."

ಲಕ್ಷ್ಮಿ ದಾರ ಹಿಡಿದಳು. ಎಡಗಾಲಿಗಿಂತ ಬಲಗಾಲಿಗೆ ದಾರ ಗಿಡ್ಡ. ಬಾಗಿಲಲ್ಲಿ ಸೇರಿದ್ದ ಹೆಂಗಸರು "ಹೌದಲ್ಲ, ಜಾರೈತೆ" ಎಂದರು. ದ್ಯಾವಮ್ಮ ಗೆದ್ದವಳಂತೆ ನನ್ನನ್ನು ನೋಡಿದಳು.

ಆಗ ನನ್ನ ಕಣ್ಣು ಅವಳ ಮಂಡಿಗೆ ಬಿತ್ತು. ಮಂಜ ಮಲಗಿದ್ದ ಭಂಗಿ ನೆನಪಾಯಿತು. ಅಷ್ಟು ದಿನ ಆ ದಾರವನ್ನು ಮೂಢನಂಬಿಕೆ ಎಂದು ಬೈದುಕೊಂಡಿದ್ದೆನಲ್ಲ, ದಾರ ಸುಳ್ಳು ಹೇಳಿರಲಿಲ್ಲ. ಅದು ಹೇಳಿದ್ದನ್ನು ಎಲ್ಲರೂ ತಪ್ಪಾಗಿ ಓದಿದ್ದರು.

"ಅಳತೆ ಸರಿಯಾಗೇ ಇದೆ" ಎಂದೆ. "ಆದರೆ ಜಾರಿರೋದು ಹೊಕ್ಕುಳಲ್ಲ, ಮಡಿಸಿರೋದು ಕಾಲು. ಬಲಮಂಡಿ ನೋಡಿ. ಚಾಚಿ ಅದನ್ನ."

ದ್ಯಾವಮ್ಮ ಚಾಚಲು ಹೋದಳು. ಅರ್ಧಕ್ಕೆ ಮುಖ ಕಿವುಚಿಕೊಂಡಿತು. ಎಡಮಗ್ಗುಲಿಗೆ ಹೊರಳಿಸಿ, ಬಲಗಾಲನ್ನು ಮೆಲ್ಲಗೆ ಹಿಂದಕ್ಕೆ ಎಳೆದೆ. "ಅಯ್ಯಯ್ಯೋ ಬಿಡೇ!" ಎಂದು ಕೂಗಿಕೊಂಡಳು. ತೊಡೆಯನ್ನು ಮೇಲೆತ್ತುವ ಮಾಂಸದ ಮೇಲೆ ಆ ಊದಿದ ಬಾಲ ಕುಳಿತಿರುತ್ತದೆ, ಕಾಲು ನೀಡಿದರೆ ಅದನ್ನು ಎಳೆದಂತಾಗುತ್ತದೆ, ಅದಕ್ಕೇ ಮೈ ತಾನೇ ಮಂಡಿಯನ್ನು ಮಡಿಸಿಕೊಳ್ಳುತ್ತದೆ ಎಂದು ಬಿಡಿಸಿ ಹೇಳಿದೆ.

"ನೀವು ಎಷ್ಟೋ ಜನರ ದಾರ ಹಿಡಿದಿದ್ದೀರಿ. ಬರೀ ಬಟ್ಟಿಯವರು ಕಾಲು ಚಾಚು ಅಂದರೆ ಚಾಚುತ್ತಾರೋ ಇಲ್ಲವೋ?"

"ಚಾಚ್ತಾರೆ. ನಾನೇ ಹೆಬ್ಬೆಟ್ಟು ಹಿಡ್ದು ಎಳೀತೀನಿ. ಎಳುದ್ರೆ ಸಮ ಆಗ್ತದೆ."

ಹಾಗೆಂದವಳು ಮಾಡಿನ ಗಳುಗಳನ್ನು ನೋಡುತ್ತಾ ಮಲಗಿದಳು.

"ಮಂಜ ಚಾಚ್ಲಿಲ್ಲ" ಎಂದಳು.

ಲಕ್ಷ್ಮಿಯ ಕೈಯಲ್ಲಿ ಎಣ್ಣೆಯ ಬಟ್ಟಲು ವಾಲಿತು.

"ನಾನ್ ತಿಕ್ಕಿದ್ದಕ್ಕೇ ಹೋದ್ನಾ?"

ಸಮಾಧಾನಕ್ಕೆ ಸುಳ್ಳು ಹೇಳಬಹುದಿತ್ತು. ಅವಳು ಸುಳ್ಳು ಹೇಳಿಸಿಕೊಳ್ಳುವ ಹೆಂಗಸಲ್ಲ. "ಕುಯ್ಯದೆ ಬಿಟ್ಟಿದ್ದರೆ ಹಾಗೂ ಹೋಗುತ್ತಿದ್ದನೇನೋ. ತಿಕ್ಕಿದ್ದಕ್ಕೆ, ಎಣ್ಣೆ ಕುಡಿಸಿದ್ದಕ್ಕೆ ಬೇಗ ಒಡೆಯಿತು" ಎಂದೆ.

ಅವಳ ಕಣ್ಣಿಂದ ನೀರು ಇಳಿದು ಕಿವಿಯೊಳಗೆ ಹೋಯಿತು. ಒರೆಸಿಕೊಳ್ಳಲಿಲ್ಲ. "ಎಣ್ಣೆ ಒಳಗಿಡೇ ಲಕ್ಷ್ಮಿ" ಎಂದಳು. ಆಮೇಲೆ ನನಗೆ, "ಕುಯ್ತೀಯಾ? ಕುಯ್ಯಿ. ಸತ್ತರೆ ನಿನ್ ಕೈಯಾಗೇ ಸಾಯ್ತೀನಿ. ಸಂತೇಲಿ ಜನಕ್ಕೆ ಮಾತಾಡಕ್ಕಾದ್ರೂ ಆಯ್ತು."

ಅವಳನ್ನು ಕಂಬಳಿಯ ಜೋಲಿಯಲ್ಲಿ ಡಿಸ್ಪೆನ್ಸರಿಗೆ ತರುವಷ್ಟರಲ್ಲಿ ಸುದ್ದಿ ಗೌಡರಿಗೆ ಮುಟ್ಟಿತ್ತು. ಅವರು ನನಗಿಂತ ಮೊದಲೇ ಬಂದು ಜಗಲಿಯಲ್ಲಿ ನಿಂತಿದ್ದರು.

"ಡಾಕ್ಟ್ರಮ್ಮ, ಇದೆಂಥ ಹುಚ್ಚು? ಹೊಟ್ಟೆ ಕುಯ್ಯೋದು ದೊಡ್ಡಾಸ್ಪತ್ರೆ ಕೆಲಸ. ನಮ್ಮಪ್ಪ ಕಟ್ಟಿಸಿದ ಜಾಗದಲ್ಲಿ ಹೆಣ ಬೀಳೋದು ಬೇಡ. ಚಿಕ್ಕಮಗಳೂರಿಗೆ ಸಾಗ್ಸಿ."

"ಆಗಲಿ. ನಿಮ್ಮ ಕಾರು ಕೊಡಿ. ನಾನೇ ಜೊತೆಗೆ ಕೂತು ಕರೆದುಕೊಂಡು ಹೋಗುತ್ತೇನೆ."

ಗೌಡರ ದನಿ ಇಳಿಯಿತು. "ಪೆಟ್ರೋಲ್ ಎಲ್ಲಿದೆ ಅಮ್ಮ. ತಿಂಗಳಿಂದ ಶೆಡ್ಡಿನಲ್ಲಿ ನಿಂತಿದೆ."

"ಹಾಗಾದರೆ ಬಸ್ಸು?"

"ಬೆಳಿಗ್ಗೇನೇ ಹೋಯ್ತು."

"ಗಾಡಿಯಲ್ಲಿ ಹಾಕಿ ಎತ್ತಿ ಕುಕ್ಕಿಸಿಕೊಂಡು ಹೋದರೆ ಆಲ್ದೂರು ಮುಟ್ಟುವುದರೊಳಗೆ ಒಡೆಯುತ್ತದೆ. ಹೆಣ ಬಿದ್ದರೆ ನಿಮ್ಮ ಅಪ್ಪನವರ ಜಾಗದಲ್ಲಿ ಬೀಳುವುದಿಲ್ಲ, ರಸ್ತೆಯಲ್ಲಿ ಬೀಳುತ್ತದೆ. ಅಷ್ಟೇ ವ್ಯತ್ಯಾಸ. ದಾರಿ ಬಿಡಿ."

ಅವರ ಮುಖ ಕೆಂಪಗಾಯಿತು. ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಜೋಲಿಯೊಳಗಿಂದ ದ್ಯಾವಮ್ಮನ ದನಿ ಬಂತು.

"ಅಯ್ಯ, ತೋಟ ನಿಮ್ದು, ಕಟ್ಟಡ ನಿಮ್ದು. ಹೊಟ್ಟೆ ನಂದು. ಸ್ವಲ್ಪ ಆ ಕಡೆ ಸರೀರಿ, ನಂಗೆ ನೋವಾಗ್ತದೆ."

ಗೌಡರು ಸರಿದರು. ಆಮೇಲೆ ನನಗೆ ಎಷ್ಟು ತೊಂದರೆ ಕೊಟ್ಟರೂ, ಆ ಒಂದು ಸಲ ಅವರು ಸರಿದದ್ದನ್ನು ನಾನು ಮರೆತಿಲ್ಲ.

ಮೇಜನ್ನು ಬಿಸಿಲು ಬರುವ ಕಿಟಕಿಯ ಹತ್ತಿರಕ್ಕೆ ಎಳೆಸಿದೆ. ಹಂಡೆಯಲ್ಲಿ ಸಾಮಾನು ಕುದಿಯುತ್ತಿದ್ದವು. ಶೇಷಪ್ಪನವರ ಕೈಗೆ ಕ್ಲೋರೋಫಾರಂ ಸೀಸೆ ಕೊಟ್ಟರೆ ಅವರು ಬಿರಡೆ ತೆಗೆಯದೆ ನಿಂತರು.

"ಅಮ್ಮ, ರೂಲ್ಸ್ ಪ್ರಕಾರ ಇಲ್ಲಿ ಹೊಟ್ಟೆ ತೆರೆಯೋ ಹಂಗಿಲ್ಲ."

"ಶೇಷಪ್ಪನವರೇ, ರೂಲ್ಸಿಗೆ ಹೊಟ್ಟೆನೋವು ಬರಲ್ಲ. ನೀವು ಹನಿಹನಿಯಾಗಿ ಹಾಕಿ. ಉಸಿರು, ನಾಡಿ ನಿಮ್ಮದು. ಹೊಟ್ಟೆ ನನ್ನದು."

ಮೂಗಿನ ಮೇಲೆ ಮುಸುಕು ಇಟ್ಟು ಔಷಧಿ ಹನಿಸಲು ಶುರುಮಾಡಿದಾಗ ದ್ಯಾವಮ್ಮ ಕೊನೆಯದಾಗಿ ಹೇಳಿದ್ದು ಗ್ರೇಸಿಗೆ: "ಸೀರೆ ಪೂರ್ತಿ ಬಿಚ್ಚಬೇಡ್ವೇ, ಎಷ್ಟು ಬೇಕೋ ಅಷ್ಟೇ." ಹೊರಗಿನಿಂದ ಪಲ್ಪರಿನ ಹುಳಿ ವಾಸನೆ, ಒಳಗೆ ಕ್ಲೋರೋಫಾರಮ್ಮಿನ ಸಿಹಿ. ಎರಡೂ ಸೇರಿ ನನ್ನ ತಲೆಯಲ್ಲಿ ಒಂದೇ ಆಗಿಹೋಗಿವೆ.

ಸೊಂಟದ ಎಲುಬಿನ ಮೊನೆಯಿಂದ ಹೊಕ್ಕುಳಿಗೆ ಮನಸ್ಸಿನಲ್ಲೇ ಗೆರೆ ಎಳೆದು, ಎಲುಬಿನ ಕಡೆಯ ಮೂರನೆಯ ಒಂದು ಭಾಗ ಗುರುತಿಸಿದೆ. ಚರ್ಮ ಕುಯ್ದೆ. ಅಲ್ಲಿಂದ ಮುಂದೆ ಮಾಂಸವನ್ನು ಕುಯ್ಯುವುದಿಲ್ಲ, ಅದರ ಎಳೆಗಳು ಹೋಗುವ ದಿಕ್ಕಿನಲ್ಲೇ ಬಿಡಿಸಬೇಕು. ಒಂದು ಪದರ ಒಂದು ದಿಕ್ಕು, ಕೆಳಗಿನದು ಇನ್ನೊಂದು ದಿಕ್ಕು. ಬೆರಳಿಂದ ಬಿಡಿಸುತ್ತಾ ಹೋದೆ. ಗ್ರೇಸಿ ಎರಡು ಕಡೆಯಿಂದ ಎಳೆದು ಹಿಡಿದಳು. ಒಳಪೊರೆ ಎತ್ತಿ ಕತ್ತರಿಸಿದೆ. ದೊಡ್ಡಕರುಳು ಕಂಡಿತು, ಆದರೆ ಬಾಲ ಕಾಣಲಿಲ್ಲ. ಬೆರಳಾಡಿಸಿದೆ, ಸಿಗಲಿಲ್ಲ. ಸಂತೆಯ ನಗು ಕಿವಿಗೆ ಬಂತು. ಕರುಳಿನ ಮೇಲಿನ ಪಟ್ಟೆಯನ್ನು ಹಿಡಿದು ಹೋದರೆ ಅದು ಬಾಲದ ಬುಡಕ್ಕೇ ಮುಟ್ಟಿಸುತ್ತದೆ ಎಂದು ಕಲಿಸಿದ್ದರು. ಪಟ್ಟೆ ಹಿಡಿದು ಹೋದೆ. ಹಿಂದೆ, ತೊಡೆಯ ಮಾಂಸಕ್ಕೆ ಅಂಟಿಕೊಂಡು, ಕೆಂಪಗೆ ಊದಿ, ತುದಿಯಲ್ಲಿ ಬಿಳಿ ಕಟ್ಟಿ ಕುಳಿತಿತ್ತು. ಅವಳು ಮಂಡಿ ಮಡಿಸಿದ್ದು ಇದಕ್ಕೇ. ಒಡೆದಿರಲಿಲ್ಲ.

ಮೆಲ್ಲಗೆ ಬಿಡಿಸಿದೆ. ರಕ್ತನಾಳ ಕಟ್ಟಿದೆ, ಬುಡ ಕಟ್ಟಿದೆ, ಕತ್ತರಿಸಿದೆ. ಮೊಂಡು ತುದಿಗೆ ನಂಜಾಗದಂತೆ ಕಾರ್ಬಾಲಿಕ್ ಮುಟ್ಟಿಸಿ, ಕರುಳೊಳಗೆ ಹುದುಗಿಸಿ ಹೊಲಿದೆ. ಶೇಷಪ್ಪನವರು ತಮ್ಮ ಪಾಡಿಗೆ ರಾಮನಾಮ ಹೇಳುತ್ತಾ ಹನಿ ಹಾಕುತ್ತಿದ್ದರು. ಒಂದು ಹನಿಯೂ ಹೆಚ್ಚುಕಡಿಮೆ ಆಗಲಿಲ್ಲ. ಕೊನೆಯ ಹೊಲಿಗೆ ಹಾಕಿ ನೆಟ್ಟಗೆ ನಿಂತಾಗ ಕಿಟಕಿಯ ಹೊರಗೆ ಅರ್ಧ ಲೈನು ನಿಂತಿತ್ತು. ನನಗೆ ಅಳು ಬಂತು. ಗ್ರೇಸಿಗೆ ಕಾಣದಂತೆ ಗೋಡೆಯ ಕಡೆ ತಿರುಗಿ ಅತ್ತೆ.

ದ್ಯಾವಮ್ಮ ಎಚ್ಚರವಾದ ಮೇಲೆ ಕೇಳಿದ ಮೊದಲ ಮಾತು, "ಎಲ್ಲಿ ಅದು?" ತಟ್ಟೆಯಲ್ಲಿ ತಂದು ತೋರಿಸಿದೆ. "ಥೂ! ಎರೆಹುಳದಷ್ಟೂ ಇಲ್ಲ. ಇದಕ್ಕೆ ಇಷ್ಟೆಲ್ಲಾನಾ?" ಎಂದಳು. ಎರಡನೆಯ ಮಾತು, ಕಾಫಿ. ಕೊಡಲಿಲ್ಲ. ಒದ್ದೆ ಬಟ್ಟೆಯಿಂದ ತುಟಿ ಒರೆಸಿದೆವು. ಕಾಫಿ ತೋಟದಲ್ಲಿ ಹುಟ್ಟಿ ಬೆಳೆದವಳಿಗೆ ಕಾಫಿ ಕೊಡದ ಪಾಪಿ ಎಂದು ನನ್ನ ವಂಶವನ್ನೆಲ್ಲ ಜಾಲಾಡಿದಳು. ಕರುಳು ಮತ್ತೆ ಕೆಲಸ ಶುರುಮಾಡಿದೆಯೋ ಇಲ್ಲವೋ ತಿಳಿಯಲು ಗಾಳಿ ಹೋಗಬೇಕು. ಅದಕ್ಕಾಗಿ ನಾವೆಲ್ಲ ಕಾದೆವು. ರಂಗಪ್ಪ ಬಾಗಿಲಲ್ಲೇ ಕುಳಿತಿದ್ದ. ಕಡೆಗೆ ಒಂದು ಮಧ್ಯಾಹ್ನ, ಒಳಗಿಂದ ಕೇಳಿದ ಸದ್ದಿಗೆ ಅವನು ಎದ್ದು ಅಂಗಳಕ್ಕೆ ಓಡಿ "ಆತು, ಅವ್ವಂಗೆ ಆತು!" ಎಂದು ತೋಟಕ್ಕೆಲ್ಲ ಕೇಳುವಂತೆ ಕೂಗಿದ. ದ್ಯಾವಮ್ಮ ನಾಚಿಕೊಂಡದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಬದುಕಿದಳು. ಆದರೆ ಬದುಕಿದ್ದು ಅವಳಿಗೆ ಅಗ್ಗವಾಗಲಿಲ್ಲ. ಡಾಕ್ಟ್ರಮ್ಮ ದ್ಯಾವಮ್ಮನ ಬಟ್ಟಿಯನ್ನೇ ಕಿತ್ತುಬಿಟ್ಟಳಂತೆ, ಬಟ್ಟಿ ಇಲ್ಲದವಳು ಬೇರೆಯವರ ಬಟ್ಟಿ ಹೇಗೆ ಕೂರಿಸುತ್ತಾಳೆ ಎಂದು ಊರು ಮಾತಾಡಿತು. ಅವಳ ಅಂಗಳದಲ್ಲಿ ಸಂಜೆ ಸೇರುತ್ತಿದ್ದ ಸಾಲು ನಿಂತುಹೋಯಿತು. ಹೊಲಿಗೆ ಬಿಚ್ಚಿ ಮನೆಗೆ ಹೋದವಳನ್ನು ನೋಡಲು ಹೋದಾಗ ಜಗಲಿಯ ಮೇಲೆ ಒಬ್ಬಳೇ ಕುಳಿತಿದ್ದಳು.

"ನನ್ ಜೀವ ಉಳ್ಸಿ ನನ್ ಕೈ ತೆಗ್ದೆ ನೀನು" ಎಂದಳು. ಸಿಟ್ಟಿನಿಂದಲೇ ಹೇಳಿದಳು. ಕುಡಿಯಲು ಕಾಫಿ ಕೊಟ್ಟಳು. ಇಬ್ಬರೂ ಕುಡಿದೆವು.

ನನಗೂ 'ಬಹುಮಾನ' ಬಂತು. ಗೌಡರು ಬರೆದ ದೂರಿಗೆ ಮೇಲಿನವರಿಂದ ಆದೇಶ: ಸದರಿ ಡಿಸ್ಪೆನ್ಸರಿಯಲ್ಲಿ ಇನ್ನು ಮುಂದೆ ಹೊಟ್ಟೆಯ ಯಾವ ಆಪರೇಷನ್ನನ್ನೂ ಮಾಡಕೂಡದು, ಮೀರಿದರೆ ಶಿಸ್ತಿನ ಕ್ರಮ. ರೋಗಿ ಬದುಕಿದಳೋ ಸತ್ತಳೋ ಎಂದು ಅದರಲ್ಲಿ ಯಾರೂ ಕೇಳಿರಲಿಲ್ಲ. ಶೇಷಪ್ಪನವರು ಅದನ್ನು ಗೋಡೆಗೆ ಮೊಳೆ ಹೊಡೆದು ತೂಗುಹಾಕಿದರು, ನನ್ನ ಕಣ್ಣಿಗೆ ಬೀಳಲಿ ಎಂದೇ. ಅವರದು ಕೆಟ್ಟ ಮನಸ್ಸಲ್ಲ, ನನ್ನ ನೌಕರಿ ಉಳಿಯಲಿ ಎಂಬ ಆಸೆ.

ಕುಯ್ಲು ಮುಗಿಯುತ್ತಾ ಬಂದಿತ್ತು. ಕಣದಲ್ಲಿ ಪಾರ್ಚ್‌ಮೆಂಟ್ ಎಂಬ ತೊಳೆದ ಕಾಫಿ ಬೀಜವನ್ನು ಒಣಗಲು ಹರಡಿದ್ದರು. ಒಂದು ಬೆಳಿಗ್ಗೆ ಅಂಗಳದಲ್ಲಿ ಗದ್ದಲ ಕೇಳಿ ಹೊರಗೆ ಬಂದೆ. ಕಂಬಳಿಯ ಜೋಲಿಯೊಂದು ಏರು ಹತ್ತಿ ಬರುತ್ತಿತ್ತು. ಗಳುವಿನ ಒಂದು ತುದಿ ರಂಗಪ್ಪನ ಹೆಗಲ ಮೇಲೆ, ಇನ್ನೊಂದು ತುದಿ ತೋಟದ ರೈಟರ ಹೆಗಲ ಮೇಲೆ. ರೈಟರು ಬೆವರಿ ನೀರಾಗಿದ್ದರು. ಮುಂದೆ ಮುಂದೆ ದ್ಯಾವಮ್ಮ, ಹೊಟ್ಟೆಯ ಮೇಲೆ ಕೈ ಒತ್ತಿಕೊಂಡು, ಯಾರು ಎದುರಾದರೂ ಬೈದು ಪಕ್ಕಕ್ಕೆ ಸರಿಸುತ್ತಾ.

ಜೋಲಿಯಲ್ಲಿದ್ದದ್ದು ಲೈನಿನ ಹುಡುಗಿ ಗಿಡ್ಡಿ. ರೈಟರು ಹರಳೆಣ್ಣೆ ಕುಡಿಸಲು ಲೋಟ ಹಿಡಿದಿದ್ದಾಗ ದ್ಯಾವಮ್ಮ ಕರೆಯದೇ ಒಳಗೆ ನುಗ್ಗಿ, ಹುಡುಗಿಯ ಬಲಗಾಲಿನ ಹೆಬ್ಬೆಟ್ಟು ಹಿಡಿದು ಎಳೆದು ನೋಡಿ, ಲೋಟವನ್ನು ಅಂಗಳಕ್ಕೆ ಎಸೆದು, ಹೊರಲು ಆಳಿಲ್ಲವೆಂದ ರೈಟರ ಹೆಗಲಿಗೇ ಗಳು ಇಟ್ಟಿದ್ದಳಂತೆ. "ಯಾಕೆ, ತಿಕ್ಕಕ್ಕೆ ಕೈಲಾಗಲ್ವಾ ಈಗ?" ಎಂದು ಯಾರೋ ಅಣಕಿಸಿದ್ದಕ್ಕೆ, ನೆರೆದವರ ಎದುರಿಗೆ, "ಹೌದ್ರೋ, ನಂಗೆ ತಿಕ್ಕಾಕ್ ಬರ್ದಿರೋ ನೋವು ಇದು. ಮಂಜಂದೂ ಇದೇ ಇತ್ತು. ಆಗ ಗೊತ್ತಿರ್ಲಿಲ್ಲ, ಈಗ ಗೊತ್ತು" ಎಂದಳಂತೆ. ರಂಗಪ್ಪ ಆಮೇಲೆ ಹೇಳಿದ.

"ತಿಕ್ಕಿಲ್ಲ, ಎಣ್ಣೆ ಕುಡ್ಸಾಕೂ ಬಿಟ್ಟಿಲ್ಲ. ಕಾಲು ಚಾಚ್ತಿಲ್ಲ. ಇನ್ನು ನಿಂದು" ಎಂದಳು ನನಗೆ.

ನೋಡಿದೆ. ಅವಳು ಹೇಳಿದ್ದು ಸರಿಯಾಗಿತ್ತು. ಬಸ್ಸು ಎರಡು ದಿನದಿಂದ ಬಂದಿರಲಿಲ್ಲ. ಗಿಡ್ಡಿ ಬದುಕಿದಳು, ನನಗೆ ಆ ಬೇಸಿಗೆಯಲ್ಲಿ ಬಯಲುಸೀಮೆಗೆ ವರ್ಗವಾಯಿತು. ಅವೆಲ್ಲ ಆಮೇಲಿನ ಮಾತು. ಆ ಬೆಳಿಗ್ಗೆ ಶೇಷಪ್ಪನವರು ಬಾಗಿಲಿಗೆ ಅಡ್ಡ ನಿಂತು, ಗೋಡೆಯ ಕಡೆ ಬೆರಳು ತೋರಿಸಿದರು.

"ಎಂಥದದು ಕಾಗ್ದ?" ಎಂದು ದ್ಯಾವಮ್ಮ ಕೇಳಿದಳು.

"ನಾನು ಹೊಟ್ಟೆ ಕುಯ್ಯಬಾರದಂತೆ. ಮೇಲಿನವರ ಆರ್ಡರು."

ದ್ಯಾವಮ್ಮ ಕಾಗದವನ್ನು ಒಮ್ಮೆ ನೋಡಿದಳು. ಶೇಷಪ್ಪನವರನ್ನು ಒಮ್ಮೆ ನೋಡಿದಳು. ಆಮೇಲೆ ಜೋಲಿಯನ್ನು ಒಳಗೆ ಸಾಗಿಸಿ, ಹೊಸ್ತಿಲ ಮೇಲೆ, ಬೇರೆ ಯಾರೂ ದಾಟದಂತೆ, ಕಾಲು ನೀಡಿಕೊಂಡು ಕುಳಿತುಬಿಟ್ಟಳು.

"ನಂಗೆ ಓದಾಕ್ ಬರಾದಿಲ್ಲ. ಇವತ್ತೊಂದಿನ ನೀನೂ ಓದ್ಬೇಡ."

ನಾನು ಓದಲಿಲ್ಲ. ಹಂಡೆಗೆ ಬೆಂಕಿ ಹಾಕಲು ಗ್ರೇಸಿಗೆ ಹೇಳಿ, ಕೈ ತೊಳೆಯಲು ಹೋದೆ.